ಸ್ಪರ್ಧೆಯ ರೈಫಲ್ ಶೂಟಿಂಗ್ ಶುರುಮಾಡಲು ಎಷ್ಟು ಖರ್ಚಾಗುತ್ತದೆ? ಹೊಸ ರೈಫಲ್ ಕೊಳ್ಳಲೇ, ಸೆಕೆಂಡ್ ಹ್ಯಾಂಡ್ ಸಾಕೇ? .22 ರೈಫಲ್ ಹೇಗೆ?

ನಾನೂ ಶುರುವಿನಲ್ಲಿ ಇದನ್ನೇ ಕೇಳಿದ್ದೆ: ಕೂಡಿಟ್ಟ ದುಡ್ಡಷ್ಟನ್ನೂ ಹೊಸ 10 ಮೀಟರ್ ಏರ್ ರೈಫಲ್‌ಗೆ ಸುರಿಯಲೋ, ಹಳೆಯದೊಂದು ತಗೊಂಡು ಉಳಿದದ್ದರಲ್ಲಿ ಶೂಟಿಂಗ್ ಜಾಕೆಟ್ (ಹೊಡೆಯುವಾಗ ಮೈಗೆ ಆಸರೆಯಾಗುವ ಗಡಸು ಕ್ಯಾನ್ವಾಸ್ ಅಂಗಿ) ನೋಡಿಕೊಳ್ಳಲೋ ಅಂತ. ನನ್ನ ಉತ್ತರ: ಸದ್ಯಕ್ಕೆ ಎರಡೂ ಬೇಡ. ಮೊದಲ ಆರು ತಿಂಗಳಾದರೂ ಕ್ಲಬ್ಬಿನ ರೈಫಲ್‌ನಲ್ಲೇ ಹೊಡೆಯಿರಿ. ನಿಮ್ಮ ಮೊದಲ ದೊಡ್ಡ ಖರ್ಚು ಜಾಕೆಟ್ ಆಗಿರಲಿ.

ಲೆಕ್ಕ ನೋಡಿ. ಗುರಿಯ ನಡುವಿನ ಹತ್ತು ಅಂಕದ ಚುಕ್ಕೆಯ ಅಗಲ 0.5 ಮಿ.ಮೀ., ಪೆಲೆಟ್ (ಏರ್ ರೈಫಲ್‌ನ ಪುಟ್ಟ ಗುಂಡು) 4.5 ಮಿ.ಮೀ. ಪೆಲೆಟ್‌ನ ಅಂಚು ಚುಕ್ಕೆಗೆ ತಾಗಿದರೂ 10.0 ಸಿಗುತ್ತದೆ. ಅಂದರೆ ಪೆಲೆಟ್‌ನ ನಡು ಗುರಿಯ ನಡುವಿನಿಂದ 2.5 ಮಿ.ಮೀ. ಒಳಗಿರಬೇಕು. ಹಿಂದಿನ ಡಯಾಪ್ಟರ್‌ಗೂ (ಕಣ್ಣಿನ ಬಳಿ ಇರುವ, ಸಣ್ಣ ತೂತಿನ ಮೂಲಕ ಗುರಿ ನೋಡುವ ಸೈಟ್) ನಳಿಗೆಯ ತುದಿಯ ಮುಂದಿನ ಸೈಟ್‌ಗೂ ಸುಮಾರು 80 ಸೆಂ.ಮೀ. ಅಂತರವಿದ್ದರೆ, ಅವೆರಡರ ಹೊಂದಿಕೆ 0.2 ಮಿ.ಮೀ. ತಪ್ಪಿದರೆ ಸಾಕು, ಆ 2.5 ಅಲ್ಲಿಗೇ ಮುಗಿಯಿತು. ಸುಸ್ಥಿತಿಯಲ್ಲಿರುವ ಮ್ಯಾಚ್ (ಸ್ಪರ್ಧೆಯ) ರೈಫಲ್ ಎಷ್ಟೇ ಹಳೆಯದಿರಲಿ, ಮೇಜಿನ ಹಿಡಿಕೆಗೆ (ವೈಸ್) ಬಿಗಿದು ಹೊಡೆದರೆ ಹೆಚ್ಚುಕಮ್ಮಿ ಒಂದೇ ತೂತಿನಲ್ಲಿ ಪೆಲೆಟ್ ಕೂರಿಸುತ್ತದೆ. ಅಲ್ಲಾಡುವುದು ಹಿಡಿದವರು. ದುಡ್ಡು ಹೋಗಬೇಕಾದ್ದು ಆ ಅಲ್ಲಾಟ ಕಡಿಮೆ ಮಾಡುವುದಕ್ಕೆ.

ಹೊಸಬರ ದುಡ್ಡು ಅತಿ ಹೆಚ್ಚು ಪೋಲಾಗುವುದು ಎಲ್ಲಿ ಅಂದರೆ, ರೈಫಲ್‌ಗೆ ಧಾರಾಳವಾಗಿ ಕೊಟ್ಟು, ಜಾಕೆಟ್ ಮಾತ್ರ ರೆಡಿಮೇಡ್, ಅದೂ ಒಂದು ಸೈಜ್ ದೊಡ್ಡದು ತಗೊಳ್ಳುವಲ್ಲಿ. ಮಕ್ಕಳಿಗೆ ಕೊಡಿಸುವವರಂತೂ 'ಬೆಳೆಯುವ ವಯಸ್ಸು' ಅಂತ ಇದನ್ನೇ ಮಾಡುತ್ತಾರೆ. ನಿಂತು ಹೊಡೆಯುವಾಗ (ಬಲಗೈಯವರಾದರೆ) ಎಡ ಮೊಣಕೈ ಸೊಂಟದ ಮೂಳೆಯ ಮೇಲೆ ಕೂರುತ್ತದೆ, ಬೆನ್ನು ಹಿಂದಕ್ಕೂ ಪಕ್ಕಕ್ಕೂ ಬಾಗುತ್ತದೆ, ಐದು ಕಿಲೋ ಆಸುಪಾಸಿನ ರೈಫಲ್ ಮುಂದೆ ತೂಗುತ್ತದೆ. ಕ್ಯಾನ್ವಾಸ್ ಜಾಕೆಟ್ಟಿನ ಕೆಳಬೆನ್ನು ಮೈಗೆ ಒತ್ತಿಕೊಂಡಿದ್ದರೆ ಆ ಬಾಗಿದ ಬೆನ್ನಿಗೆ ಆಸರೆ. ಸಡಿಲವಿದ್ದರೆ ಬಟ್ಟೆ ಅಲ್ಲಿ ಮಡಿಕೆ ಬೀಳುತ್ತದೆ, ಭಾರವೆಲ್ಲ ಸ್ನಾಯುಗಳ ಮೇಲೆ. ಭುಜದ ಪಟ್ಟಿಯೂ ಪ್ರತಿ ಸಲ ರೈಫಲ್ ಎತ್ತಿದಾಗ ಒಂದಿಷ್ಟು ಜರುಗಿ, ಬಟ್ ಪ್ಲೇಟ್ (ರೈಫಲ್ ಭುಜಕ್ಕೆ ಒರಗುವ ಹಿಂತುದಿ) ಒಮ್ಮೆ ಮೇಲೆ, ಒಮ್ಮೆ ಕೆಳಗೆ ಕೂರುತ್ತದೆ. ಗುರಿಹಲಗೆಯಲ್ಲಿ ಹೊಡೆತಗಳು ಉದ್ದಕ್ಕೆ ಸಾಲು ಹಿಡಿಯುತ್ತವೆ. ಆಗ ಶೂಟರ್ ಏನು ಮಾಡುತ್ತಾರೆ? ಕೆನ್ನೆ ಒರಗಿಸುವ ಚೀಕ್ ಪೀಸ್ ಏರಿಸುತ್ತಾರೆ, ಬಟ್ ಪ್ಲೇಟ್ ಇಳಿಸುತ್ತಾರೆ, ಪೆಲೆಟ್ ಬದಲಿಸುತ್ತಾರೆ, ಕೊನೆಗೆ ರೈಫಲ್ಲೇ ಸರಿಯಿಲ್ಲ ಅಂತ ಮಾರಲು ಹೊರಡುತ್ತಾರೆ. ಕಾಯಿಲೆ ಇದ್ದದ್ದು ಜಾಕೆಟ್ಟಿನ ಸೊಂಟದ ಹತ್ತಿರದ ಸಡಿಲದಲ್ಲಿ.

ಹಾಗಂತ ತೀರಾ ಬಿಗಿಯಾಗಿ ಹೊಲಿಸಿದರೆ ಸ್ಪರ್ಧೆಯ ಸಾಮಾನು ತಪಾಸಣೆಯಲ್ಲಿ (ಇಕ್ವಿಪ್‌ಮೆಂಟ್ ಕಂಟ್ರೋಲ್) ಸಿಕ್ಕಿಬೀಳುತ್ತೀರಿ. ಶೂಟಿಂಗ್‌ನ ಅಂತರರಾಷ್ಟ್ರೀಯ ಒಕ್ಕೂಟ ಐಎಸ್ಎಸ್ಎಫ್ ನಿಯಮದಂತೆ ಗುಂಡಿಯ ಜಾಗದಿಂದ ಮುಂದಕ್ಕೆ ಜಾಕೆಟ್ ಕನಿಷ್ಠ 70 ಮಿ.ಮೀ. ಎಳೆದು ಮುಚ್ಚುವಂತಿರಬೇಕು, ಬಟ್ಟೆಯ ದಪ್ಪ ಒಂದು ಪದರಕ್ಕೆ 2.5 ಮಿ.ಮೀ. ದಾಟಬಾರದು, ಗಡಸುತನ ಅಳೆಯುವ ಉಪಕರಣ ಒತ್ತಿದಾಗ ಕನಿಷ್ಠ 3.0 ಮಿ.ಮೀ. ಬಾಗಬೇಕು. ಅಗ್ಗದ ಜಾಕೆಟ್ ಕೊಳ್ಳುವ ಮೊದಲು ಈ ಮೂರನ್ನೂ ಕೇಳಿ. ಅಳತೆ ಕೊಡುವಾಗ, ಹೊಡೆಯುವ ದಿನ ಒಳಗೆ ಹಾಕುವ ಬಟ್ಟೆಯನ್ನೇ ಹಾಕಿಕೊಂಡಿರಿ. ಎದೆ, ಹೊಟ್ಟೆ, ಸೊಂಟ ಮೂರನ್ನೂ ಬೇರೆಬೇರೆಯಾಗಿ ಅಳೆಸಿ. ಸೆಕೆಂಡ್ ಹ್ಯಾಂಡ್ ಜಾಕೆಟ್ ಬೇಡವೇ ಬೇಡ: ಅದು ಮೆತ್ತಗಾಗಿರುತ್ತದೆ, ಇನ್ನೊಬ್ಬರ ಮೈಗೆ ಒಗ್ಗಿರುತ್ತದೆ.

ಪ್ಯಾಂಟ್ ಮತ್ತು ಚಪ್ಪಟೆ ಅಡಿಯ ಶೂ ಆಮೇಲೆ ಬರಲಿ. ಗ್ಲೌಸ್ ಸಣ್ಣ ಖರ್ಚು. ಆದರೆ ಕನ್ನಡಕ ಹಾಕುವವರಾದರೆ ಶೂಟಿಂಗ್ ಫ್ರೇಮ್ (ಲೆನ್ಸನ್ನು ಬೇಕಾದ ಕಡೆ ಸರಿಸಬಹುದಾದ ಕನ್ನಡಕ) ಮುಂದೂಡಬೇಡಿ. ತಲೆ ಬಗ್ಗಿಸಿ ನೋಡುವಾಗ ಮಾಮೂಲಿ ಕನ್ನಡಕದ ಮೂಲೆಯಿಂದ ನೋಡಿದಂತಾಗಿ ಮುಂದಿನ ಸೈಟ್‌ನ ರಿಂಗ್ ಮಸುಕಾಗುತ್ತದೆ. ಫ್ರೇಮಿನಲ್ಲಿ ಲೆನ್ಸ್‌ನ ನಡುವನ್ನೇ ಕಣ್ಣಿನ ನೇರಕ್ಕೆ ತರಬಹುದು.

ಇನ್ನು ಯಾರೂ ಕೇಳದ ಖರ್ಚು, ಪೆಲೆಟ್. ಸ್ಪರ್ಧೆಯಲ್ಲಿ 75 ನಿಮಿಷಕ್ಕೆ 60 ಹೊಡೆತ, ಅದಕ್ಕೂ ಮೊದಲು ಸೈಟಿಂಗ್ (ಅಂಕಕ್ಕೆ ಬಾರದ, ಸೈಟ್ ಹೊಂದಿಸಿಕೊಳ್ಳುವ ಹೊಡೆತಗಳು). ಅಭ್ಯಾಸಕ್ಕೆ ದಿನಕ್ಕೆ 80 ಅಂತ ಹಿಡಿದು ವಾರಕ್ಕೆ ಮೂರು ದಿನ ಹೋದರೂ 240. 500ರ ಡಬ್ಬಿ ಎರಡು ವಾರಕ್ಕೆ ಖಾಲಿ, ವರ್ಷಕ್ಕೆ ಹತ್ತಿರಹತ್ತಿರ 25 ಡಬ್ಬಿ. ಇದರ ಮೇಲೆ ರೇಂಜ್ ಶುಲ್ಕ, ಸ್ಪರ್ಧೆಯ ಪ್ರವೇಶಶುಲ್ಕ, ಪ್ರಯಾಣ. ಮೊದಲು ಈ ವರ್ಷದ ಖರ್ಚನ್ನು ಬದಿಗಿಡಿ, ಮಿಕ್ಕದ್ದು ಸಾಮಾನಿಗೆ. ಆನೆ ಕೊಂಡು ಮೇವಿಗೆ ಪರದಾಡುವವರನ್ನು ರೇಂಜ್‌ನಲ್ಲಿ ಬೇಕಾದಷ್ಟು ನೋಡಬಹುದು. 4.49, 4.50, 4.51 ಮಿ.ಮೀ. ಅಂತ ಪೆಲೆಟ್‌ನ ತಲೆಯ ಅಳತೆ ನೋಡಿ ಪರೀಕ್ಷಿಸುವ ಗೋಜು ಸದ್ಯಕ್ಕೆ ಬೇಡ. ಮಧ್ಯಮ ದರ್ಜೆಯ ಮ್ಯಾಚ್ ಪೆಲೆಟ್ ಸಾಕು. ಡ್ರೈ ಫೈರ್‌ಗಂತೂ (ಪೆಲೆಟ್ ಹಾಕದೆ ಗುರಿಯಿಟ್ಟು ಟ್ರಿಗರ್ ಒತ್ತುವ ಅಭ್ಯಾಸ) ಖರ್ಚೇ ಇಲ್ಲ. ಗುರಿಯ ಕಪ್ಪು ಭಾಗ 30.5 ಮಿ.ಮೀ. ತಾನೇ, ಮನೆಯಲ್ಲಿ 5 ಮೀಟರ್ ದೂರದ ಗೋಡೆಗೆ 15 ಮಿ.ಮೀ. ಕಪ್ಪು ಚುಕ್ಕೆ ಅಂಟಿಸಿದರೆ ಕಣ್ಣಿಗೆ ಅಷ್ಟೇ ಕಾಣುತ್ತದೆ.

ಆರು ತಿಂಗಳ ಮೇಲೂ ಹುರುಪು ಉಳಿದಿದ್ದರೆ ಸೆಕೆಂಡ್ ಹ್ಯಾಂಡ್ ರೈಫಲ್ ನೋಡಿ, ಹೊಸದಲ್ಲ. ಮೊದಲು ನೋಡಬೇಕಾದ್ದು ಬ್ಯಾರೆಲ್ ಅಲ್ಲ, ಪೆಲೆಟ್ ತಳ್ಳುವ ಒತ್ತಿದ ಗಾಳಿ ತುಂಬಿಡುವ ಸಿಲಿಂಡರ್ ಮೇಲೆ ಕೊರೆದಿರುವ ದಿನಾಂಕ. ಸಿಲಿಂಡರ್‌ನ ಆಯಸ್ಸು ಹತ್ತು ವರ್ಷ. ಅವಧಿ ಮುಗಿದದ್ದನ್ನು ಸ್ಪರ್ಧೆಗೆ ತರುವಂತಿಲ್ಲ. ಹೊಸ ಸಿಲಿಂಡರ್ ಬೆಲೆ ಸೇರಿಸಿದ ಮೇಲೆ ಆ 'ಅಗ್ಗದ' ರೈಫಲ್ ಅಗ್ಗವಾಗಿ ಉಳಿಯುತ್ತದೆಯೇ ನೋಡಿ. ಗಾಳಿಯ ಒತ್ತಡದ ಮಿತಿ 200 ಬಾರ್‌ನದೋ 300 ಬಾರ್‌ನದೋ ಅಂತಲೂ ಓದಿಕೊಳ್ಳಿ. 200ರದ್ದಕ್ಕೆ 300 ತುಂಬುವುದು ಅಪಾಯ. ಗಾಳಿ ತುಂಬಿ ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಒತ್ತಡ ತೋರಿಸುವ ಮುಳ್ಳು ಇಳಿದಿದ್ದರೆ ಸೀಲ್ ಹೋಗಿದೆ ಅಂತ ಅರ್ಥ. ಆಮೇಲೆ ಸೈಟ್: ಐದು ಹೊಡೆತ ಹಾಕಿ, ಡಯಾಪ್ಟರ್‌ನ ತಿರುಗಣೆಯನ್ನು 20 ಕ್ಲಿಕ್ ಬಲಕ್ಕೆ ತಿರುಗಿಸಿ ಮತ್ತೆ 20 ವಾಪಸ್ ತನ್ನಿ, ಇನ್ನೈದು ಹಾಕಿ. ಎರಡು ಗುಂಪೂ ಒಂದೇ ಕಡೆ ಬೀಳದಿದ್ದರೆ ಸೈಟ್ ಸವೆದಿದೆ. ಗಾಳಿ ತುಂಬುವ ವ್ಯವಸ್ಥೆಯೇ ಹತ್ತಿರದಲ್ಲಿ ಇಲ್ಲದವರು ಪಕ್ಕದ ಲಿವರ್ ಎಳೆದು ಪ್ರತಿ ಹೊಡೆತಕ್ಕೂ ಗಾಳಿ ಒತ್ತುವ ಹಳೆಯ ಫೈನ್‌ವರ್ಕ್‌ಬಾವ್ 600 ಸರಣಿಯಂಥ ರೈಫಲ್ ಹುಡುಕಲಿ. ಅದಕ್ಕೆ ಸಿಲಿಂಡರ್ ರಗಳೆಯೇ ಇಲ್ಲ, ಲಿವರ್ ಎಳೆಯುವ ಶ್ರಮ ಅಷ್ಟೇ.

ಬಲಗೈ ಸ್ಟಾಕ್ (ಭುಜ, ಕೆನ್ನೆಗೆ ಒರಗಿಸಿ ಹಿಡಿಯುವ ಭಾಗ) ಇರುವ ರೈಫಲ್ ಕೊಳ್ಳುವ ಮೊದಲು ನಿಮ್ಮ ಮುಖ್ಯ ಕಣ್ಣು ಯಾವುದು ಅಂತ ಪರೀಕ್ಷಿಸಿಕೊಳ್ಳಿ. ಎರಡೂ ಅಂಗೈ ಸೇರಿಸಿ ನಡುವೆ ಸಣ್ಣ ಕಿಂಡಿ ಮಾಡಿ, ದೂರದ ಒಂದು ವಸ್ತುವನ್ನು ಎರಡೂ ಕಣ್ಣಿಂದ ನೋಡಿ, ಒಂದೊಂದೇ ಕಣ್ಣು ಮುಚ್ಚಿ. ಯಾವುದನ್ನು ಮುಚ್ಚಿದಾಗ ವಸ್ತು ಮಾಯವಾಗುತ್ತದೋ ಅದೇ ಮುಖ್ಯ ಕಣ್ಣು.

.22 ರೈಫಲ್ (ಗಾಳಿಯಲ್ಲ, ಮದ್ದಿನ ಗುಂಡು ಹಾರಿಸುವುದು) ಬಗ್ಗೆಯೂ ಕೇಳಿದ್ದೀರಿ. ಅದಕ್ಕೆ 50 ಮೀಟರ್ ರೇಂಜ್ ಬೇಕು, ಒಂದು ಗುಂಡಿನ ಬೆಲೆಯಲ್ಲಿ ಹಲವು ಪೆಲೆಟ್ ಬರುತ್ತವೆ, ಪರವಾನಗಿಯ ಕಟ್ಟುಪಾಡೂ ಸಾಮಾನ್ಯವಾಗಿ ಹೆಚ್ಚು. ಏರ್ ರೈಫಲ್‌ನಲ್ಲಿ ಒಂದೆರಡು ಸ್ಪರ್ಧೆಯ ಸೀಸನ್ ಕಳೆಯುವವರೆಗೆ ಅದರ ಕ್ಯಾಟಲಾಗ್ ಕೂಡ ತೆರೆಯಬೇಡಿ.