ಟೋಪಿಯವರ ಚೀಟಿ, ಬೀದಿ ದೀಪ, ಮತ್ತೆ ಕೆರ್ರಿಯ ಜಾಕಿ

"ಅಕ್ಕ, ಕಿಲಾರ್ನಿಗೆ ಬಂದು ಮೂರು ವಾರ ಆಯ್ತು, ನೈಟ್ ಡ್ಯೂಟಿಗೆ ನಡ್ಕೊಂಡು ಹೋಗೋ ದಾರೀಲಿ ಲೈಟೇ ಇಲ್ಲ, ಮನೆ ಓನರ್‌ಗೆ ಹೇಳಿದ್ರೆ ಹೀಲಿ-ರೇ ಅವ್ರಿಗೆ ಹೇಳು ಅಂತಾರೆ, ಬಾಗಿಲಲ್ಲಿ ಕಪ್ಪು ಟೋಪಿ ಹಾಕಿರೋರ ಚೀಟಿನೂ ಬಿದ್ದಿತ್ತು, ಯಾರಿವ್ರು, ರಾಜಕಾರಣಿ ಹತ್ರ ಹೋದ್ರೆ ವರ್ಕ್ ಪರ್ಮಿಟ್‌ಗೆ ತೊಂದ್ರೆ ಆಗಲ್ವಾ" ಅಂತ ಕೇಳಿದ್ಯಲ್ಲ, ಓದಿ ನಗು ಬಂತು ಕಣೇ, ಯಾಕಂದ್ರೆ 2008ರಲ್ಲಿ ನಾನು ಐರ್ಲೆಂಡಿಗೆ ಬಂದಾಗ ನಿನಗಿಂತ ದಡ್ಡಿ. ಒಂದು ಪಬ್ ಗೋಡೆ ಮೇಲೆ "ಕ್ಲಿನಿಕ್, ಶನಿವಾರ 11 ಗಂಟೆ" ಅಂತ ಪೇಪರ್ ಅಂಟಿಸಿದ್ರು, ಕೆಳಗೊಂದು ಹೆಸರು. ನರ್ಸ್ ಅಲ್ವಾ ನಾನು, ಅಯ್ಯೋ ಈ ದೇಶದಲ್ಲಿ ಡಾಕ್ಟರು ಹೆಂಡದಂಗಡೀಲಿ ಕೂತು ಪೇಶೆಂಟ್ ನೋಡ್ತಾರಾ ಅಂತ ವಾರ್ಡಲ್ಲಿ ಕೇಳ್ಬಿಟ್ಟೆ, ಎಲ್ಲಾ ಹೊಟ್ಟೆ ಹಿಡ್ಕೊಂಡು ನಕ್ರು. ಇಲ್ಲಿ ಕೌನ್ಸಿಲರು (ನಮ್ಮ ಜಿಲ್ಲಾ ಪಂಚಾಯ್ತಿ ಮೆಂಬರ್ ಥರ), ಟಿಡಿಗಳು (ನಮ್ಮ ಲೆಕ್ಕದಲ್ಲಿ ಎಂಪಿ) ಜನರ ಕಷ್ಟ ಕೇಳೋಕೆ ಕೂತ್ಕೊಳೋದನ್ನೇ ಕ್ಲಿನಿಕ್ ಅನ್ನೋದು.

ಈಗ ಟೋಪಿ ವಿಷಯ. ಅದು ಶುರುವಾಗಿದ್ದು ಜಾಕಿ ಹೀಲಿ-ರೇ ಅನ್ನೋ ಮುದುಕರಿಂದ. ಕಿಲ್ಗಾರ್ವನ್ ಅಂತ ನಿನ್ನ ಊರಿಂದ ಕಾರಲ್ಲಿ ಸ್ವಲ್ಪವೇ ದೂರ ಒಂದು ಸಣ್ಣ ಹಳ್ಳಿ, 1931ರಲ್ಲಿ ಅಲ್ಲೇ ಹುಟ್ಟಿದ್ದು. ಆ ಕಡೆ ಹೀಲಿ ಅನ್ನೋ ಮನೆತನಗಳು ಬೇಕಾದಷ್ಟು, ಯಾವ ಹೀಲಿ ಅಂತ ಗೊತ್ತಾಗ್ಲಿ ಅಂತ ಅವರಿದ್ದ ಜಾಗದ ಹೆಸರಿಂದ "ರೇ" ಸೇರ್ಕೊಂಡಿದ್ದು, ನಮ್ಮಲ್ಲಿ ತೋಟದ ಮನೆ ಸಿದ್ದಪ್ಪ ಅಂತೀವಲ್ಲ ಹಾಗೆ. ರೈತ, ಊರಲ್ಲಿ ಪಬ್ಬು, ವಯಸ್ಸಲ್ಲಿ ಹರ್ಲಿಂಗ್ (ಕೋಲು ಚೆಂಡಿನ ಐರಿಷ್ ಆಟ) ಆಡ್ತಿದ್ರು, ಸ್ಯಾಕ್ಸಫೋನ್ ಬೇರೆ ನುಡಿಸ್ತಿದ್ರಂತೆ. ಫಿಯನ್ನಾ ಫಾಲ್ ಪಾರ್ಟಿಗೆ ದಕ್ಷಿಣ ಕೆರ್ರೀಲಿ (ಕೆರ್ರಿ ಅಂದ್ರೆ ನಿನ್ನ ಕಿಲಾರ್ನಿ ಇರೋ ಕೌಂಟಿ, ನಮ್ಮ ಜಿಲ್ಲೆ ಥರ) ಎಲೆಕ್ಷನ್ ನಡೆಸಿಕೊಡೋ ಆಳು ಇವ್ರೇ. 1973ರಲ್ಲಿ ಕೆರ್ರಿ ಕೌಂಟಿ ಕೌನ್ಸಿಲ್‌ಗೆ ಬಂದೋರು ಮೂವತ್ತು ವರ್ಷ ಅಲ್ಲೇ ಕೂತ್ರು. ರಸ್ತೆ, ಚರಂಡಿ, ಮನೆ ಕಟ್ಟೋಕೆ ಪರ್ಮಿಷನ್, ಯಾರೋ ಅಜ್ಜಿಗೆ ಉಚಿತ ಚಿಕಿತ್ಸೆಯ ಮೆಡಿಕಲ್ ಕಾರ್ಡು, ಇದೇ ಕೆಲಸ.

1997ರಲ್ಲಿ ಆ ಕ್ಷೇತ್ರದ ಹಳೇ ಟಿಡಿ ನಿವೃತ್ತಿ ಆದ್ರು. ಇಷ್ಟು ವರ್ಷ ಬೇರೆಯವ್ರನ್ನ ಗೆಲ್ಸಿದೀನಿ, ಈಗಾದ್ರೂ ನನಗೆ ಟಿಕೆಟ್ ಕೊಡಿ ಅಂದ್ರೆ ಪಾರ್ಟಿ ಕೊಡ್ಲಿಲ್ಲ. ಮುಂದಿನ ಕತೆ ನಿನಗೆ ಹೇಳೋದೇ ಬೇಡ, ನಮ್ಮೂರಲ್ಲಿ ನಡೆಯೋದೇ, ಬಂಡಾಯ ಎದ್ದು ಪಕ್ಷೇತರ ನಿಂತ್ರು, 66ನೇ ವಯಸ್ಸಲ್ಲಿ ಗೆದ್ದೇ ಬಿಟ್ರು. ಮಜಾ ಇರೋದು ಆಮೇಲೆ. ಡಬ್ಲಿನ್ನಲ್ಲಿ ಡಾಲ್ ಅಂತಾರೆ ಪಾರ್ಲಿಮೆಂಟ್‌ಗೆ (ತೊಗರಿ ದಾಲ್ ಅಲ್ಲ ಮಾರಾಯ್ತಿ), ಆಗ 166 ಸೀಟು, ಬರ್ಟಿ ಅಹರ್ನ್ ಅವರ ಫಿಯನ್ನಾ ಫಾಲ್‌ಗೆ 77, ಜೊತೆಗಿದ್ದ ಸಣ್ಣ ಪಾರ್ಟಿಗೆ 4. ಬಹುಮತ ಇಲ್ಲ. ಟಿಕೆಟ್ ಕೊಡದೆ ಕಳಿಸಿದ ಪಾರ್ಟಿಯವ್ರೇ ಬಂದು ಜಾಕಿ ಬೆಂಬಲ ಕೇಳ್ಬೇಕಾಯ್ತು! ಅವ್ರ ಜೊತೆ ಇನ್ನು ಕೆಲವರು ಪಕ್ಷೇತರರೂ ಸೇರಿ ಆ ಸರ್ಕಾರ ಪೂರ್ತಿ ಐದು ವರ್ಷ, 2002ರ ತನಕ ನಡೀತು, ಬೆಂಬಲಕ್ಕೆ ಬದಲಾಗಿ ಜಾಕಿ ಕೇಳಿದ್ದು ತನ್ನ ಕ್ಷೇತ್ರಕ್ಕೆ ರಸ್ತೆ ಗಿಸ್ತೆ.

ಡಬ್ಲಿನ್ ಪೇಪರ್‌ನೋರಿಗೆ ಇವ್ರು ಅಂದ್ರೆ ತಮಾಷೆ, ಆ ಟೋಪಿ, ಆ ಕೆರ್ರಿ ಮಾತು. ನೀವು ಯಾರ ಪರ ಅಂದ್ರೆ, ಮಧ್ಯಾಹ್ನ ಡಿನ್ನರ್ ತಿನ್ನೋರ ಪರ ಅಂದಿದ್ರು ಜಾಕಿ. ಇದು ನಿನಗೂ ಉಪಯೋಗಕ್ಕೆ ಬರೋ ಮಾತು ಕಣೇ, ಹಳ್ಳಿ ಕಡೆ ದುಡಿಯೋ ಜನಕ್ಕೆ ಡಿನ್ನರ್ ಅಂದ್ರೆ ಮಧ್ಯಾಹ್ನ ಒಂದು ಗಂಟೆ, ರಾತ್ರಿದು ಬರೀ ಟೀ. ಯಾರಾದ್ರೂ ಡಿನ್ನರ್‌ಗೆ ಕರೆದ್ರೆ ಟೈಮ್ ಕೇಳ್ಕೋ, ನಾನು ಒಂದ್ಸಲ ರಾತ್ರಿ ಎಂಟಕ್ಕೆ ಕೇಸರಿಬಾತ್ ಹಿಡ್ಕೊಂಡು ಹೋಗಿ ನಿಂತಿದೀನಿ.

2003ರಲ್ಲಿ ಬಂದ ಕಾನೂನಿಂದ ಟಿಡಿ ಆದವ್ರು ಕೌನ್ಸಿಲ್‌ನಲ್ಲೂ ಇರೋ ಹಾಗಿಲ್ಲ ಅಂತಾಯ್ತು, ಜಾಕಿಯ ಕೌನ್ಸಿಲ್ ಸೀಟಿಗೆ ಮಗ ಡ್ಯಾನಿ ಬಂದ್ರು. 2011ರಲ್ಲಿ ಜಾಕಿ ನಿಲ್ಲಲಿಲ್ಲ, ಇನ್ನೊಬ್ಬ ಮಗ ಮೈಕಲ್ ಟಿಡಿ ಆದ್ರು. ಜಾಕಿ ತೀರ್ಕೊಂಡಿದ್ದು 2014 ಡಿಸೆಂಬರ್. 2016ರಲ್ಲಿ ಇಡೀ ಕೆರ್ರಿ ಒಂದೇ ಕ್ಷೇತ್ರ ಆದಾಗ ಅಣ್ಣ ತಮ್ಮ ಇಬ್ರೂ ಗೆದ್ರು, ಮೊಮ್ಮಕ್ಕಳು ಕೌನ್ಸಿಲ್‌ಗೆ ಬಂದ್ರು, 2025ರಲ್ಲಿ ಮೈಕಲ್ ಕೃಷಿ ಇಲಾಖೆ ರಾಜ್ಯ ಮಂತ್ರಿ ಆದ್ರು. ಹಾಸನದವಳಿಗೆ ಕುಟುಂಬ ರಾಜಕಾರಣ ನಾನು ಹೇಳ್ಕೊಡ್ಬೇಕಾ.

ರಾಜಕಾರಣಿಗಳು ಇಂಥ ಸಣ್ಣಪುಟ್ಟ ಕೆಲಸಕ್ಕೂ ಓಡಾಡೋದು ಯಾಕೆ ಅಂದ್ರೆ, ಇಲ್ಲಿ ಒಂದೊಂದು ಕ್ಷೇತ್ರಕ್ಕೆ ಮೂರರಿಂದ ಐದು ಸೀಟು, ಓಟು ಹಾಕೋದು 1, 2, 3 ಅಂತ ನಂಬರ್ ಬರೆದು. ಒಂದೇ ಪಾರ್ಟಿಯವ್ರು ಇಬ್ರು ಒಬ್ರಿಗೊಬ್ರು ಪೈಪೋಟಿ, ಹಾಗಾಗಿ ಪಾರ್ಟಿ ಹೆಸರು ಸಾಲಲ್ಲ, ಫೋನ್ ಎತ್ತಬೇಕು, ಸಾವಿನ ಮನೆಗೆ ಹೋಗ್ಬೇಕು. ರೇಡಿಯೋ ಕೆರ್ರೀಲಿ ದಿನಾ ತೀರ್ಕೊಂಡೋರ ಹೆಸರು ಓದ್ತಾರೆ, ಕೇಳಿಸ್ಕೊಂಡಿರ್ತೀಯ. ನನ್ನ ಪ್ರಕಾರ ಇದರಲ್ಲಿ ಅರ್ಧ ಬರೀ ತೋರಿಕೆ, ನಿನಗೆ ಕಾನೂನು ಪ್ರಕಾರ ಸಿಗಬೇಕಾಗಿದ್ದನ್ನೇ ಕೊಡ್ಸಿದೆ ಅಂತ ಲೆಟರ್ ಕಳಿಸ್ತಾರೆ. ಆದ್ರೆ ಇನ್ನರ್ಧ ನಿಜ. ನಮ್ಮ ಎಸ್ಟೇಟ್‌ನಲ್ಲಿ (ಕಾಫಿ ಎಸ್ಟೇಟ್ ಅಲ್ಲ, ಮನೆಗಳ ಲೇಔಟ್) ಚರಂಡಿ ಕಟ್ಕೊಂಡು ಎರಡು ವರ್ಷ ಯಾರೂ ತಿರುಗಿ ನೋಡಿರ್ಲಿಲ್ಲ, ಒಬ್ಬ ಕೌನ್ಸಿಲರ್ (ಹೆಸರು ಬೇಡ, ಈ ಮನೆತನದವ್ರಲ್ಲ) ಕ್ಲಿನಿಕ್‌ಗೆ ಹೋಗಿ ಫೋಟೋ ತೋರ್ಸಿದ್ಮೇಲೆ ಆ ತಿಂಗಳೇ ಆಯ್ತು.

ಪರ್ಮಿಟ್ ಭಯ ಬಿಟ್ಬಿಡು. ಕೌನ್ಸಿಲ್ ಎಲೆಕ್ಷನ್‌ನಲ್ಲಿ ನಿನಗೂ ಓಟಿದೆ, ಸಿಟಿಜನ್ ಆಗ್ಲೇಬೇಕಂತಿಲ್ಲ, ಇಲ್ಲಿ ವಾಸ ಇದ್ದು 18 ಆಗಿದ್ರೆ ಸಾಕು, ನಿಲ್ಲೋದಕ್ಕೂ ಆಗತ್ತೆ. 2024ರಲ್ಲಿ ಸೌತ್ ಡಬ್ಲಿನ್ ಮೇಯರ್ ಆಗಿದ್ದು ಕೇರಳದಿಂದ ಬಂದ ಬೇಬಿ ಪೆರೆಪ್ಪಾಡನ್. ಡಾಲ್‌ಗೆ ಓಟ್ ಹಾಕೋಕೆ ಮಾತ್ರ ಸಿಟಿಜನ್‌ಶಿಪ್ ಬೇಕು, ಅದಕ್ಕೆ ಐದು ವರ್ಷ ವಾಸ, ಆ ಪ್ರಮಾಣವಚನ ಸಮಾರಂಭ ಎಷ್ಟೋ ಸಲ ನಿಮ್ಮ ಕಿಲಾರ್ನೀಲೇ ಆಗತ್ತೆ. ಪಿಪಿಎಸ್ ನಂಬರು (ನಮ್ಮ ಆಧಾರ್ ನಂಬರ್ ಥರ), ಏರ್‌ಕೋಡ್ (ಇಲ್ಲಿನ ಪಿನ್‌ಕೋಡ್) ಇಟ್ಕೊಂಡು ಆನ್‌ಲೈನಲ್ಲಿ ಈಗ್ಲೇ ಪಟ್ಟೀಲಿ ಹೆಸರು ಸೇರ್ಸು, ಮುಂದಿನ ಕೌನ್ಸಿಲ್ ಎಲೆಕ್ಷನ್ 2029ಕ್ಕೆ. ವೀಸಾ ಬೇಗ ಮಾಡ್ಸಿ ಅಂತ ಮಾತ್ರ ಕೇಳೋಕೆ ಹೋಗ್ಬೇಡ, ಅರ್ಜಿ ಎಲ್ಲಿದೆ ಅಂತ ವಿಚಾರಿಸ್ತಾರೆ ಅಷ್ಟೇ, ಸಾಲು ಮುಂದೆ ಹೋಗಲ್ಲ.

ಲೈಟ್‌ಗೆ ಟಿಡಿ ಬೇಡ, ಕೌನ್ಸಿಲರ್ ಸಾಕು. ಚೀಟಿ ಹಿಂದೆ ಕ್ಲಿನಿಕ್ ಟೈಮ್ ಇರತ್ತೆ ನೋಡು. ಸುಮ್ನೆ "ರೋಡಲ್ಲಿ ಕತ್ತಲೆ" ಅಂದ್ರೆ ಯಾರಿಗೂ ಗೊತ್ತಾಗಲ್ಲ, ಕಂಬದ ಮೇಲೆ ನಂಬರ್ ಇರತ್ತೆ, ಬೆಳಿಗ್ಗೆ ಡ್ಯೂಟಿಯಿಂದ ಬರ್ತಾ ಬರ್ಕೊಂಡು ಬಾ.