ಇಂಗ್ಲಿಷ್ ಪದ ಬಾಯಿಪಾಠ ಆಗ್ತಾವ, ಬರೆಯುವಾಗ ಮಾತ್ರ ಬರಲ್ಲ. ಏನು ಮಾಡಬೇಕು?

ಯಾದಗಿರಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಡಿಗ್ರಿ ಮುಗಿಸಿ ದಿನಾ ಐವತ್ತು ಪದ ಉರು ಹೊಡೆಯುತ್ತಿದ್ದೀರಿ, ಪ್ರಬಂಧ ಬರೆಯಲು ಕೂತರೆ ಒಂದೂ ನೆನಪಾಗಲ್ಲ ಅಂದಿದ್ದೀರಿ. ನಿಮ್ಮ ನೆನಪಿನ ತಪ್ಪಲ್ಲ ಅದು. ಪದದ ಅರ್ಥ ಕಲಿತಿದ್ದೀರಿ, ಅದರ ಜೋಡಿ ಪದ ಕಲಿತಿಲ್ಲ.

ನಮ್ಮ ಕಡೆ ಜೋರು ಮಳಿ, ಜೋರು ಗಾಳಿ, ಜೋರು ದನಿ, ಜೋರು ಜ್ವರ ಅಂತೇವೆ. ಇಂಗ್ಲಿಷಿನಲ್ಲಿ ಮಳೆಗೆ ಹೆವಿ, ಗಾಳಿಗೆ ಸ್ಟ್ರಾಂಗ್, ದನಿಗೆ ಲೌಡ್, ಜ್ವರಕ್ಕೆ ಹೈ. ಪದ–ಅರ್ಥದ ಪಟ್ಟಿ ಇದನ್ನು ಹೇಳಿಕೊಡುವುದಿಲ್ಲ.

ದಿನಕ್ಕೆ ಏಳೆಂಟು ಪದ ಸಾಕು. ಎಲ್ಲಿಂದ ತೆಗೆಯಬೇಕು? ಸಾಮಾನ್ಯ ಪದಗಳು ಒಂದೆರಡು ಸಾವಿರ ಆಗಲೇ ಬರುತ್ತಿದ್ದರೆ 'ಅಕಾಡೆಮಿಕ್ ವರ್ಡ್ ಲಿಸ್ಟ್' (ಪಠ್ಯ, ಅಧ್ಯಯನದ ಬರಹಗಳಲ್ಲಿ ಹೆಚ್ಚು ಬರುವ ಪದಗಳ ಪಟ್ಟಿ) ಹಿಡಿಯಿರಿ. ಅವೆರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪ್ರಕಟಿಸಿದ್ದು, 570 ಪದ ಕುಟುಂಬಗಳಿವೆ, ಅಂದರೆ ಒಂದೇ ಮೂಲದ ಪದಗಳ ಗುಂಪುಗಳು. ಹೆಚ್ಚು ಬಳಕೆಯವು ಮೊದಲ ಉಪಪಟ್ಟಿಯಲ್ಲೇ ಸಿಗುತ್ತವೆ. ಜೊತೆಗೆ ದಿನಾ ಒಂದು ಸಂಪಾದಕೀಯ ಓದಿ. 300 ಪದಕ್ಕೆ ಐದಾರು ಗೊತ್ತಿಲ್ಲದಿದ್ದರೆ ಅದು ನಿಮ್ಮ ಮಟ್ಟದ್ದು. ಇಪ್ಪತ್ತು ಗೊತ್ತಿಲ್ಲವಾದರೆ ಸುಲಭದ್ದು ಹುಡುಕಿ. ಸಾಲು ಸಾಲಿಗೂ ನಿಘಂಟು ತೆರೆದರೆ ಓದಿನ ಎಳೆಯೇ ಕಡಿದುಹೋಗುತ್ತದೆ.

ಪ್ರತಿ ಪದಕ್ಕೂ ಒಂದು ಕಾರ್ಡು. 'ಮಿಟಿಗೇಟ್' (ತೀವ್ರತೆ ತಗ್ಗಿಸು) ತೆಗೆದುಕೊಳ್ಳಿ. ಮುಂಬದಿ ಒಂದು ವಾಕ್ಯ: 'ಕ್ರಾಪ್ ಇನ್ಶೂರೆನ್ಸ್ ಕ್ಯಾನ್ ಮಿ____ ದ ರಿಸ್ಕ್ ಫಾರ್ ತೊಗರಿ ಫಾರ್ಮರ್ಸ್.' ಹಿಂಬದಿ ಪೂರ್ತಿ ಪದ, ಜೋಡಿಗಳು (ರಿಸ್ಕ್, ಇಂಪ್ಯಾಕ್ಟ್, ಎಫೆಕ್ಟ್ಸ್), ಒಂದು ಎಚ್ಚರಿಕೆ: ಇದರ ಮುಂದೆ 'ಅಗೇನ್ಸ್ಟ್' ಬೇಡ, ಅದು 'ಮಿಲಿಟೇಟ್' (ಅಡ್ಡಿಯಾಗು) ಜೋಡಿ ಬರುವುದು. ಪದವೀಧರರೂ ಇಲ್ಲೇ ಎಡವುತ್ತಾರೆ. ಜೋಡಿಗಳನ್ನು ಊಹಿಸಬೇಡಿ, ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿಯ ಉದಾಹರಣೆ ವಾಕ್ಯಗಳಿಂದ ಎತ್ತಿಕೊಳ್ಳಿ.

ಮರುದಿನ, ಮೂರನೇ ದಿನ, ಏಳನೇ ದಿನ, ಇಪ್ಪತ್ತೊಂದನೇ ದಿನ ಮುಂಬದಿ ಮಾತ್ರ ನೋಡಿ ಪದ ಹೇಳಿ. ತಪ್ಪಿದ ಕಾರ್ಡು ಮತ್ತೆ ಮೊದಲ ದಿನಕ್ಕೆ. ಹಿಂದೆಮುಂದೆ ಎರಡೂ ಓದಿ 'ಹೌದು, ಗೊತ್ತು' ಅಂದುಕೊಂಡರೆ ಬರೋಬ್ಬರಿ ಈಗಿನ ಗತಿಯೇ. ಹಳೆಯ ಕಾರ್ಡು ಬಾಕಿ ಬಿದ್ದ ದಿನ ಹೊಸ ಪದ ನಿಲ್ಲಿಸಿ.

ಕಾರ್ಡು ಇಂಗ್ಲಿಷ್ ಲಿಪಿಯಲ್ಲೇ ಇರಲಿ. ಕನ್ನಡದಲ್ಲಿ ಬರೆದರೆ ಉಚ್ಚಾರದ ಒತ್ತು ಎಲ್ಲಿ ಬೀಳುತ್ತದೆ ಗೊತ್ತಾಗಲ್ಲ: 'ಫೋಟೊಗ್ರಾಫ್'ನಲ್ಲಿ ಮೊದಲ ಅಕ್ಷರಕ್ಕೆ, 'ಫೊಟಾಗ್ರಫಿ'ಯಲ್ಲಿ ಎರಡನೆಯದಕ್ಕೆ. ಒತ್ತಿನ ಜಾಗದ ಕೆಳಗೆ ಗೆರೆ ಎಳೆಯಿರಿ, ಸಂದರ್ಶನದಲ್ಲಿ ಬೇಕಾಗುತ್ತದೆ.