ಸಾಬ್ರಿಗೆ ಟಿಕೆಟ್ ಕೊಟ್ರೆ ಗೆಲ್ತಾರಾ? – ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಎಲೆಕ್ಷನ್ ಬಂದಾಗೆಲ್ಲ ನಮ್ಮ ಕಡೆ ಒಂದೇ ಮಾತು, ಸಾಬ್ರಿಗೆ ಟಿಕೆಟ್ ಕೊಟ್ರೆ ಸೀಟು ಹೋಯ್ತು ಅಂತ. ದ್ವೇಷ ಏನಿಲ್ಲ ಸ್ವಾಮಿ, ಬರೀ ಲೆಕ್ಕಾಚಾರ ಅಂತಾನೂ ಸೇರಿಸ್ತಾರೆ. ನೀವೇನಂತೀರಿ? (ತುಮಕೂರಿನ ಓದುಗರು)

ಉತ್ತರ: ಲೆಕ್ಕಾಚಾರ ಅಂದ್ಮೇಲೆ ಲೆಕ್ಕನೇ ನೋಡೋಣ. 2023ರ ವಿಧಾನಸಭೆ ಚುನಾವಣೇಲಿ ಕಾಂಗ್ರೆಸ್ಸು 15 ಜನ ಮುಸ್ಲಿಮರಿಗೆ ಟಿಕೆಟ್ ಕೊಡ್ತು, 9 ಜನ ಗೆದ್ರು. ನೂರಕ್ಕೆ ಅರವತ್ತು ಆಯ್ತಲ್ಲ. ಅದೇ ಪಕ್ಷ ಒಟ್ಟು 223 ಕಡೆ ನಿಂತು 135 ಗೆದ್ದಿದ್ದು, ಅದೂ ಹೆಚ್ಚೂಕಮ್ಮಿ ನೂರಕ್ಕೆ ಅರವತ್ತೇ. ಅಲ್ಲಿಗೆ ಮುಸ್ಲಿಂ ಅಭ್ಯರ್ಥಿ ಬೇರೆಯವರಿಗಿಂತ ಜಾಸ್ತಿ ಸೋತಿದ್ದೆಲ್ಲಿ? ಬಿಜೆಪಿ ಆ ಸಲ 224 ಕ್ಷೇತ್ರದಲ್ಲಿ ಒಬ್ಬರಿಗೂ ಕೊಡ್ಲಿಲ್ಲ, ಹಾಗಾಗಿ ಅವರ ಲೆಕ್ಕ ಹಾಕೋಕೂ ಬರಲ್ಲ.

ಅವೆಲ್ಲ ಮುಸ್ಲಿಂ ವೋಟು ಜಾಸ್ತಿ ಇರೋ ಕ್ಷೇತ್ರ ಕಣ್ರೀ ಅಂತ ನೀವು ಹೇಳಬಹುದು, ಬಹುಪಾಲು ನಿಜ ಕೂಡ, ಆದ್ರೆ ನನ್ನ ಸಂಕಟ ಇರೋದೇ ಅಲ್ಲಿ, ಅಲ್ಲಿ ಬಿಟ್ರೆ ಬೇರೆಲ್ಲೂ ಕೊಡೋದೇ ಇಲ್ಲ, ಕೊಡದೇ ಇದ್ದು ಆಮೇಲೆ ಗೆಲ್ಲಲ್ಲ ಅಂತ ತೀರ್ಪು ಕೊಡೋದು. ಕೊಟ್ಟಾಗ ಏನಾಗಿದೆ ನೋಡಿ, ಜಾಫರ್ ಷರೀಫ್ ಚಳ್ಳಕೆರೆ ಕಡೆಯವರು, ಬೆಂಗಳೂರು ಉತ್ತರದಿಂದ 1977ರಿಂದ ಹಲವು ಸಲ ಲೋಕಸಭೆಗೆ ಹೋದ್ರು, ಮುಸ್ಲಿಂ ವೋಟಿಂದ ಮಾತ್ರ ಗೆಲ್ಲೋಕೆ ಆಗೋ ಕ್ಷೇತ್ರನಾ ಅದು? 1991ರಲ್ಲಿ ರೈಲ್ವೆ ಮಂತ್ರಿ ಆದಾಗ ಮೀಟರ್ ಗೇಜ್ ತೆಗೆದು ಬ್ರಾಡ್ ಗೇಜ್ ಹಾಕೋ ಕೆಲ್ಸಕ್ಕೆ ವೇಗ ಕೊಟ್ರು, ಆ ಹಳಿ ಮೇಲೆ ನಾವೆಲ್ಲ ಓಡಾಡ್ತಿದೀವಿ. ಕಲಬುರಗೀಲಿ ಇಕ್ಬಾಲ್ ಅಹ್ಮದ್ ಸರಡಗಿ 2004ರಲ್ಲಿ ಗೆದ್ರು, ಆಮೇಲೆ ಆ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲಾಯ್ತು. ಅದಾದ್ಮೇಲೆ 2009, 2014, 2019, 2024 ನಾಲ್ಕು ಚುನಾವಣೆ ಕಳೆದ್ರೂ ಕರ್ನಾಟಕದ 28 ಸೀಟಲ್ಲಿ ಒಬ್ಬ ಮುಸ್ಲಿಂ ಎಂಪಿ ಇಲ್ಲ. 2011ರ ಜನಗಣತಿ ಪ್ರಕಾರ ರಾಜ್ಯದಲ್ಲಿ ನೂರಕ್ಕೆ ಸುಮಾರು 13 ಜನ ಮುಸ್ಲಿಮರು. 2024ರಲ್ಲಿ ಕಾಂಗ್ರೆಸ್ಸು ಕೊಟ್ಟಿದ್ದು ಒಂದೇ ಟಿಕೆಟ್ಟು, ಬೆಂಗಳೂರು ಸೆಂಟ್ರಲ್. ಮನ್ಸೂರ್ ಅಲಿ ಖಾನ್ ಆರು ಲಕ್ಷದ ಮೇಲೆ ವೋಟು ತಗೊಂಡು 32,707 ಅಂತರದಲ್ಲಿ ಸೋತ್ರು. ಅದೇ ಥರ ಸೋತ ಬೇರೆ ಅಭ್ಯರ್ಥಿಗಳ ಬಗ್ಗೆ ಅವರ ಜಾತಿಗೆ ಟಿಕೆಟ್ ಕೊಟ್ಟಿದ್ದೇ ತಪ್ಪು ಅಂತ ಯಾರೂ ಅನ್ನಲ್ಲ. ಇವರ ವಿಷ್ಯದಲ್ಲಿ ಮಾತ್ರ ಅಂತಾರೆ, ಸೆಕ್ಯುಲರ್ ಅನ್ಕೊಳ್ಳೋ ಪಕ್ಷದ ಆಫೀಸಲ್ಲೂ ಅಂತಾರೆ. ಇದನ್ನ ಲೆಕ್ಕಾಚಾರ ಅಂತ ನಾನು ಒಪ್ಪಲ್ಲ.

ಪ್ರಶ್ನೆ: ಜಮೀರ್ ಅಹ್ಮದ್ ಥರದವ್ರು ಬಾಯಿಗೆ ಬಂದ ಹಾಗೆ ಮಾತಾಡಿದ್ರೆ ಜನಕ್ಕೆ ಕೆಟ್ಟ ಅಭಿಪ್ರಾಯ ಬರ್ದೆ ಇನ್ನೇನು ಬರುತ್ತೆ? ಅದನ್ಯಾಕೆ ಪೂರ್ವಗ್ರಹ ಅಂತೀರಿ? (ದಾವಣಗೆರೆಯ ಓದುಗರು)

ಉತ್ತರ: ಜಮೀರ್ ಬಗ್ಗೆ ಕೆಟ್ಟ ಅಭಿಪ್ರಾಯ ಬಂದ್ರೆ ಅದು ಪೂರ್ವಗ್ರಹ ಅಲ್ಲ, ಅವರು ಆಡಿದ ಮಾತಿಗೆ ಸಿಕ್ಕ ಉತ್ತರ. ನೀವು ಹೇಳ್ತಿರೋದು 2023ರ ನವೆಂಬರ್‌ನಲ್ಲಿ ತೆಲಂಗಾಣ ಪ್ರಚಾರದಲ್ಲಿ ಆಡಿದ ಮಾತು ಅಂತ ಕಾಣುತ್ತೆ, ಕಾಂಗ್ರೆಸ್ಸು ಮುಸ್ಲಿಮರನ್ನ ಸ್ಪೀಕರ್ ಮಾಡಿದೆ, ಈಗ ಬಿಜೆಪಿಯವರೂ ಅವರ ಮುಂದೆ ನಿಂತು ನಮಸ್ಕಾರ ಅನ್ನಬೇಕು ಅನ್ನೋ ಅರ್ಥದ್ದು. ಆ ಮಾತು ತಪ್ಪೇ. ಶಾಸಕರು ತಲೆ ಬಾಗೋದು ಸ್ಪೀಕರ್ ಪೀಠಕ್ಕೆ, ಕೂತಿರೋರ ಧರ್ಮಕ್ಕಲ್ಲ. ಆ ಮಾತಿಂದ ಜಾಸ್ತಿ ನಷ್ಟ ಆಗಿದ್ದು ಯು.ಟಿ. ಖಾದರ್ ಅವ್ರಿಗೇ ಅನ್ಸುತ್ತೆ ನಂಗೆ. 2007ರ ಉಪಚುನಾವಣೆಯಿಂದ ಗೆಲ್ತಾ ಬಂದಿರೋರು, 2018ರಲ್ಲಿ ದಕ್ಷಿಣ ಕನ್ನಡದ ಎಂಟು ಕ್ಷೇತ್ರದಲ್ಲಿ ಕಾಂಗ್ರೆಸ್ಸಿಗೆ ಉಳಿದ ಒಂದೇ ಒಂದು ಸೀಟು ಅವರದ್ದು, ಆರೋಗ್ಯ ಖಾತೆ ಆಹಾರ ಖಾತೆ ನೋಡ್ಕೊಂಡೋರು, 2023ರ ಮೇ ತಿಂಗಳಲ್ಲಿ ಆ ಪೀಠಕ್ಕೆ ಬಂದ ಮೊದಲ ಮುಸ್ಲಿಂ ಅವರು. ಅಷ್ಟು ವರ್ಷದ ದುಡಿಮೆಯನ್ನ ಒಂದು ಭಾಷಣದಲ್ಲಿ ‘ಮುಸ್ಲಿಂ ಸ್ಪೀಕರ್’ ಅನ್ನೋ ಎರಡು ಪದಕ್ಕೆ ಇಳಿಸಿಬಿಟ್ರು.

ಆದ್ರೆ ದಾವಣಗೆರೆಯವ್ರೇ, ಬೇರೆ ಸಮುದಾಯದ ಮಂತ್ರಿಗಳು ಏನೇನು ಮಾತಾಡಿಲ್ಲ ಹೇಳಿ, ಆಗ ಅವರ ಜಾತಿಯೋರೆಲ್ಲ ಬಂದು ಕ್ಷಮೆ ಕೇಳ್ಲಿ ಅಂತ ನಾವು ಕೇಳ್ತೀವಾ? ಆ ಜಾತಿಯ ಹುಡುಗ ಮುಂದಿನ ಸಲ ಟಿಕೆಟ್ ಕೇಳೋಕೆ ಹೋದ್ರೆ ‘ನಿಮ್ಮೋರು ಹೀಗಂದಿದ್ರಲ್ಲ’ ಅಂತ ಬಾಗಿಲು ಹಾಕ್ತೀವಾ? ಖಾದರ್ 2025ರ ಮಾರ್ಚ್‌ನಲ್ಲಿ 18 ಜನ ಬಿಜೆಪಿ ಶಾಸಕರನ್ನ ಆರು ತಿಂಗಳು ಸಸ್ಪೆಂಡ್ ಮಾಡಿದ್ರು, ಮೇ ತಿಂಗಳಲ್ಲಿ ವಾಪಸ್ ತಗೊಂಡ್ರು. ಆರು ತಿಂಗಳು ಅತಿಯಾಯ್ತು ಅಂತ ನಂಗೂ ಅನ್ನಿಸ್ತು. ಅದನ್ನ ನಿಯಮ ಹಿಡ್ಕೊಂಡು ಟೀಕೆ ಮಾಡಿ, ನಾನೂ ಜೊತೆಗಿರ್ತೀನಿ. ಅವರ ಹೆಸರು ಹಿಡ್ಕೊಂಡು ಶುರು ಮಾಡಿದ್ರೆ ಇಲ್ಲ.

ಪ್ರಶ್ನೆ: ಈ ಥರ ಎಲ್ಲ ಈಗ ಹತ್ತು ಹದಿನೈದು ವರ್ಷದಿಂದ ಶುರುವಾಗಿದ್ದಲ್ವಾ ಸರ್? ಮೊದ್ಲು ಹೀಗಿರ್ಲಿಲ್ಲ. (ಮೈಸೂರಿನ ಓದುಗರು)

ಉತ್ತರ: ಈಗ ಜಾಸ್ತಿ ಆಗಿದೆ ನಿಜ, ಆದ್ರೆ ಹೊಸದಲ್ಲ. ನಿಮ್ಮ ಮೈಸೂರು ಸಂಸ್ಥಾನಕ್ಕೇ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರನ್ನ ನೆನಪಿಸ್ಕೊಳ್ಳಿ, 1926ರಿಂದ 1941ರವರೆಗೆ ದಿವಾನಗಿರಿ, ಬೃಂದಾವನ ಗಾರ್ಡನ್ನು, ಮಂಡ್ಯದ ಸಕ್ಕರೆ ಕಾರ್ಖಾನೆ ಎಲ್ಲ ಆ ಕಾಲದ್ದು. 1928ರಲ್ಲಿ ಬೆಂಗಳೂರಿನ ಸುಲ್ತಾನಪೇಟೆ ಶಾಲೆ ಹತ್ರ ಗಣಪತಿ ವಿಚಾರಕ್ಕೆ ಗಲಾಟೆ ಆದಾಗ ದಿವಾನರು ಮುಸ್ಲಿಂ ಅನ್ನೋದೇ ಆರೋಪ ಆಗಿ ನಿಂತ್ಕೊಳ್ತು, ಕೊನೆಗೆ ವಿಶ್ವೇಶ್ವರಯ್ಯನವರ ಅಧ್ಯಕ್ಷತೇಲಿ ವಿಚಾರಣಾ ಸಮಿತಿ ಕೂರಿಸಬೇಕಾಯ್ತು.

ಪ್ರಶ್ನೆ: ಪಾರ್ಲಿಮೆಂಟ್ ಒಳಗೇ ಒಬ್ಬ ಎಂಪಿ ಇನ್ನೊಬ್ಬ ಎಂಪೀನ ಧರ್ಮ ಹಿಡಿದು ಬೈದ್ರಲ್ಲ, ಕೇಸ್ ಯಾಕಾಗ್ಲಿಲ್ಲ? (ಹೊಸಪೇಟೆಯ ಓದುಗರು)

ಉತ್ತರ: 2023ರ ಸೆಪ್ಟೆಂಬರ್ 21, ಲೋಕಸಭೇಲಿ ಚಂದ್ರಯಾನ-3ರ ಚರ್ಚೆ ನಡೀತಿತ್ತು, ಬಿಜೆಪಿಯ ರಮೇಶ್ ಬಿಧೂರಿ ಬಿಎಸ್‌ಪಿಯ ಡ್ಯಾನಿಶ್ ಅಲಿ ಅವರನ್ನ ಬೈದಿದ್ದು. ಸದನದ ಒಳಗೆ ಆಡಿದ ಮಾತಿಗೆ ಕೋರ್ಟಲ್ಲಿ ಕೇಸ್ ಹಾಕೋಕೆ ಬರಲ್ಲ, ಸಂವಿಧಾನದ 105ನೇ ವಿಧಿ ರಕ್ಷಣೆ ಕೊಡುತ್ತೆ, ಶಿಕ್ಷೆ ಕೊಡಬೇಕಾದ್ದು ಸದನನೇ. ಅದು ಕಡತದಿಂದ ಆ ಪದಗಳನ್ನ ತೆಗೀತು, ಸ್ಪೀಕರ್ ಎಚ್ಚರಿಕೆ ಕೊಟ್ರು, ರಾಜನಾಥ್ ಸಿಂಗ್ ವಿಷಾದ ಹೇಳಿದ್ರು, ಸಸ್ಪೆಂಡ್ ಮಾತ್ರ ಆಗ್ಲಿಲ್ಲ. ಡ್ಯಾನಿಶ್ ಅಲಿ ನಮಗೆ ದೂರದೋರಲ್ಲ, ಬಿಎಸ್‌ಪಿಗೆ ಹೋಗೋ ಮುಂಚೆ ದೇವೇಗೌಡರ ಜೊತೆ ಜೆಡಿಎಸ್‌ನಲ್ಲಿ ಇದ್ದೋರು, 2018ರಲ್ಲಿ ಇಲ್ಲಿ ಮೈತ್ರಿ ಸರ್ಕಾರ ಕೂಡಿಸೋಕೆ ಓಡಾಡಿದೋರು. ಲೈವ್ ಟೀವೀಲಿ ದೇಶನೇ ಕೇಳಿಸ್ಕೊಂಡ ಮಾತನ್ನ ಕಡತದಿಂದ ಅಳಿಸಿದ್ರೆ ಏನು ಬಂತು, ನಂಗೆ ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಪ್ರಶ್ನೆ: ಇಲ್ಲಿ ನ್ಯೂಯಾರ್ಕಿಗೆ ಮುಸ್ಲಿಂ ಒಬ್ಬರು, ಜೊಹ್ರಾನ್ ಮಮ್ದಾನಿ, ಮೇಯರ್ ಆದ್ರು. ಅಮೆರಿಕ ಈ ವಿಷ್ಯದಲ್ಲಿ ನಮಗಿಂತ ವಾಸಿ ಅನ್ನಬಹುದಾ? (ನ್ಯೂಜೆರ್ಸಿಯ ಕನ್ನಡಿಗರು)

ಉತ್ತರ: 2025ರ ನವೆಂಬರ್‌ನಲ್ಲಿ ಗೆದ್ದಿದ್ದು ಖುಷಿನೇ, ಆದ್ರೆ ಪ್ರಚಾರದ ಹೊತ್ತಲ್ಲಿ ಇನ್ನೊಂದು 9/11 ಆದ್ರೆ ಇವರು ಸಂತೋಷಪಡ್ತಾರೆ ಅಂತ ನಿರೂಪಕರೊಬ್ಬರು ರೇಡಿಯೋದಲ್ಲೇ ಮಾತಾಡಿದ್ರು, ಕೇಳಿರ್ತೀರಿ. 2008ರಲ್ಲಿ ಒಬಾಮ ಮುಸ್ಲಿಂ ಅಂತ ಗುಲ್ಲೆಬ್ಬಿಸಿದಾಗ ಬೆಂಬಲಿಗರೆಲ್ಲ ಅಲ್ಲಲ್ಲ ಕ್ರಿಶ್ಚಿಯನ್ನು ಅಂತ ಸಮಜಾಯಿಷಿ ಕೊಡ್ತಿದ್ರು. ರಿಪಬ್ಲಿಕನ್ ಪಕ್ಷದ ಕಾಲಿನ್ ಪವೆಲ್ ಒಬ್ಬರು ಟೀವೀಲಿ ಕೂತು, ಅವರು ಕ್ರಿಶ್ಚಿಯನ್ನೇ, ಆದ್ರೆ ಒಂದು ವೇಳೆ ಮುಸ್ಲಿಂ ಆಗಿದ್ರೆ ಏನೀಗ, ಈ ದೇಶದಲ್ಲಿ ಮುಸ್ಲಿಂ ಆಗೋದು ತಪ್ಪಾ ಅಂತ ಕೇಳಿದ್ರು. ಇಲ್ಲಿ 2022ರ ಕೊನೇಲಿ ಬಿಜೆಪಿ ಮುಖಂಡರು ಸಿದ್ದರಾಮಯ್ಯನವರನ್ನ ‘ಸಿದ್ರಾಮುಲ್ಲಾ ಖಾನ್’ ಅಂತ ಕರೆಯೋಕೆ ಶುರು ಮಾಡಿದ್ರು. ಯಾರನ್ನಾದ್ರೂ ಬೈಬೇಕು ಅಂದ್ರೆ ಮುಸ್ಲಿಂ ಹೆಸರು ಸಾಕು ಅಂತ ಆದ್ಮೇಲೆ, ಆ ಹೆಸರನ್ನ ಹುಟ್ಟಿಂದ ಇಟ್ಕೊಂಡಿರೋರು ರಾಜಕೀಯಕ್ಕೆ ಬರೋದು ಎಷ್ಟು ಕಷ್ಟ ಯೋಚಿಸಿ.

ಪ್ರಶ್ನೆ: ನಾ ಹಾವೇರಿ ಜಿಲ್ಲಾದಾಕಿ, ಗ್ರಾಮ ಪಂಚಾಯ್ತಿ ಮೆಂಬರ್ ಅದೀನ್ರಿ. ನನ್ನ ವಾರ್ಡಿನ್ಯಾಗ ನಮ್ಮವ್ರ ಮನಿ ಬಾಳ ಕಮ್ಮಿ, ಎಲ್ಲಾರೂ ಕೂಡೇ ಗೆಲ್ಸ್ಯಾರ. ಬ್ಯಾಸಿಗ್ಯಾಗ ಮ್ಯಾಲಿನ ಓಣಿ ಬೋರಿನ ಮೋಟರ್ ಸುಟ್ಟು ನೀರಿಲ್ಲದಂಗಾಗಿತ್ತು, ಮೀಟಿಂಗಿನ್ಯಾಗ ಎದ್ದು ನಿಂತು ಕೇಳಿದ್ರ ‘ಅದು ನಿಮ್ಮ ಏರಿಯಾ ಅಲ್ಲಲ್ರಿ, ನಿಮ್ಮ ಮಂದಿದು ನೋಡ್ಕೋರಿ’ ಅಂದ್ರು. ಆ ಓಣಿ ನನ್ನ ವಾರ್ಡಿಂದೇ ಐತಿ. ಮುಂದ ತಾಲ್ಲೂಕ ಪಂಚಾಯ್ತಿಗೆ ನಿಲ್ಬೇಕಂತ ಮನಸೈತಿ, ನಿಲ್ಲಲ್ಯೋ ಬ್ಯಾಡೋ? (ಹೆಸರು ಬೇಡ ಅಂದಿದ್ದಾರೆ)

ಉತ್ತರ: ನಿಲ್ಲಿ ತಂಗಿ, ಖಂಡಿತ ನಿಲ್ಲಿ. ನಿಮ್ಮ ಪತ್ರ ಓದ್ತಾ ನಂಗೆ ನಜೀರ್ ಸಾಬ್ರು ನೆನಪಾದ್ರು. ಗುಂಡ್ಲುಪೇಟೆ ಕಡೆಯ ಅಬ್ದುಲ್ ನಜೀರ್ ಸಾಬ್, 1983ರಲ್ಲಿ ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮಂತ್ರಿ ಆದ್ರು. ಬರಗಾಲದಲ್ಲಿ ಹಳ್ಳಿ ಹಳ್ಳಿಗೆ ಬೋರ್‌ವೆಲ್ ಕೊರೆಸಿದ್ದಕ್ಕೆ ಜನ ನೀರ್ ಸಾಬ್ ಅಂತಾನೇ ಕರೆದ್ರು. ಯಾವ ಓಣಿ ಯಾರ್ದು ಅಂತ ನೋಡಿ ಕೊರೆಸಿದ್ದಲ್ಲ ಅದು. ಮಂಡಲ ಪಂಚಾಯ್ತಿ, ಜಿಲ್ಲಾ ಪರಿಷತ್ತು ತಂದ 1983ರ ಕಾಯ್ದೆ ಹಿಂದೆ ಇದ್ದೋರು ಅವರೇ, ಅದರಲ್ಲಿ ಹೆಣ್ಮಕ್ಕಳಿಗೆ ನೂರಕ್ಕೆ 25 ಸೀಟು ಇಟ್ರು, 1987ರಲ್ಲಿ ಚುನಾವಣೆ ನಡೀತು, ಇಡೀ ದೇಶದ ಪಂಚಾಯ್ತಿಗಳಿಗೆ ಸಂವಿಧಾನದ 73ನೇ ತಿದ್ದುಪಡಿ ಬರೋದಕ್ಕೆ ಎಷ್ಟೋ ವರ್ಷ ಮುಂಚೆ. 1988ರಲ್ಲಿ ತೀರ್ಕೊಂಡ್ರು. ಹೆಣ್ಣುಮಗಳೊಬ್ಬಳು ಪಂಚಾಯ್ತೀಲಿ ಎದ್ದು ನಿಂತು ನೀರು ಕೇಳೋ ದಾರಿ ಹಾಕಿಕೊಟ್ಟೋರಲ್ಲಿ ಅವರು ಮೊದಲಿಗರು, ‘ನಿಮ್ಮ ಮಂದಿದು ನೋಡ್ಕೋರಿ’ ಅಂದೋರಿಗೆ ಇದು ಗೊತ್ತಿದ್ದ ಹಾಗಿಲ್ಲ.

ಈಗ ಕೆಲಸದ ಮಾತು. ಬಾಯಲ್ಲಿ ಕೇಳಿ ಸುಮ್ಮನಾಗ್ಬೇಡಿ, ಮೀಟಿಂಗಿಗೆ ಮುಂಚೆನೇ ಪಿಡಿಒಗೆ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿಗೆ) ಬರಹದಲ್ಲಿ ಕೊಡಿ, ಒಂದು ಪ್ರತಿ ಮೇಲೆ ಸೀಲು ಸಹಿ ಹಾಕಿಸ್ಕೊಳ್ಳಿ. ಸಭೇಲಿ ನೀವು ಆಡಿದ್ದು ನಡಾವಳಿ ಪುಸ್ತಕಕ್ಕೆ ಹತ್ತಬೇಕು, ಬರೆಯದೇ ಇದ್ರೆ ಬರೆಯೋವರೆಗೂ ಸಹಿ ಹಾಕ್ಬೇಡಿ. ‘ನಿಮ್ಮ ಮಂದಿ’ ಅಂತ ಮತ್ತೆ ಯಾರಾದ್ರೂ ಅಂದ್ರೆ ಆ ಮಾತೂ ಅಂದವರ ಹೆಸರಿನ ಸಮೇತ ನಡಾವಳಿಗೆ ಬರಲಿ ಅಂತ ಕೇಳಿ. ಆಗ್ಲೂ ಆಗ್ಲಿಲ್ಲ ಅಂದ್ರೆ ಅದೇ ಪ್ರತಿ ತಗೊಂಡು ತಾಲ್ಲೂಕ್ ಪಂಚಾಯ್ತಿ ಇಒ (ಕಾರ್ಯನಿರ್ವಾಹಕ ಅಧಿಕಾರಿ) ಹತ್ರ ಹೋಗಿ, ಒಬ್ಬರೇ ಹೋಗ್ಬೇಡಿ, ಮ್ಯಾಲಿನ ಓಣಿಯ ನಾಲ್ಕು ಹೆಣ್ಮಕ್ಕಳನ್ನ ಕರ್ಕೊಂಡು ಹೋಗಿ. ಅರ್ಜಿ ಹೇಗೆ ಬರೀಬೇಕು ಅಂತ ಗೊತ್ತಾಗ್ದಿದ್ರೆ ನಮಗೊಂದು ಕಾಗದ ಹಾಕಿ, ಬರೆದು ಕಳಿಸ್ತೀವಿ.